ಎರಡು ನಿಮಿಷದ ನಿಲುಗಡೆ, ಕುಮಟಾ

ಚಕ್ರವಿತ್ತು ಆ ಪೆಟ್ಟಿಗೆಗೆ, ನಾಲ್ಕು.
ಎರಡನ್ನು ಗೋಕರ್ಣದ ಹೊಯ್ಗೆ ತಿಂದಿತ್ತು,
ಒಂದನ್ನು ಸ್ಟೇಷನ್ ಏರಿನ ಚಿರೆಕಲ್ಲು.
ಉಳಿದದ್ದೊಂದು
ಕುಂಟು ಕರುವಿನ ಹಾಗೆ ಕಿರುಗುಟ್ಟುತ್ತ
ಅವಳ ಹಿಂದೆ ಬರುತ್ತಿತ್ತು.

ನಾನು ಖಾಲಿ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂತು
ಹಾರವಾಡಕ್ಕೆ ಲೋಕಲ್ ಗಾಡಿ ಕಾಯುತ್ತಿದ್ದೆ.
ಮೈಯೆಲ್ಲ ಬಂಗಡೆ. ಹತ್ತಿರ ಯಾರೂ ಕೂರುವುದಿಲ್ಲ,
ಅದೊಂದು ಸುಖ.
ಅವಳು ಬಂದು ಕೂತಳು.

ಐವತ್ತು ದಾಟಿದ ಹೆಂಗಸು, ಬೆವರಿ ಕೆಂಪಾಗಿದ್ದಳು,
ಕೂದಲು ಹಳೇ ಬಲೆಯ ಬಣ್ಣ.
ಟಿಕೆಟ್ಟು ಚಾಚಿ ಏನೋ ಕೇಳಿದಳು.
ಓದು ಬಾರದ ಗಣಪಿ ನಾನು;
ಮತ್ಸ್ಯಗಂಧ ಅಂದದ್ದು ಮಾತ್ರ ಕೇಳಿಸಿತು.
ಮೀನಿನ ವಾಸನೆಯನ್ನೇ ಹೆಸರಿಟ್ಟುಕೊಂಡ ಗಾಡಿ ಅದು,
ನಾನು ಬುಟ್ಟಿ ಹತ್ತಿಸಿದರೆ ಮೂಗು ಮುಚ್ಚುತ್ತದೆ.
ಹೋಗಲಿ.

ಆಚೆ ಪ್ಲಾಟ್‌ಫಾರ್ಮಿಗೆ ಬರುತ್ತದಂತೆ ಇವತ್ತು.
ಮೈಕು ಕೂಗಿತು, ಅವಳಿಗೆ ತಿಳಿಯಲಿಲ್ಲ.
ನಾನು ಮೇಲುಸೇತುವೆ ತೋರಿಸಿದೆ.
ಅವಳು ಮೆಟ್ಟಿಲು ನೋಡಿದಳು,
ಆಮೇಲೆ ಪೆಟ್ಟಿಗೆ,
ಆಮೇಲೆ ನನ್ನ ಕುತ್ತಿಗೆ.

ಕಣ್ಣಲ್ಲೇ ತೂಗುವವಳು ನಾನು. ಮೂವತ್ತು ಕಿಲೋ ಅಂದುಕೊಂಡೆ.
ತುಸು ಎತ್ತಿದೆ. ಇಲ್ಲ, ಮೂವತ್ತೆರಡು.
'ಎಂತ ತುಂಬಿದ್ದೇ ಮಾರಾಯ್ತಿ, ಕಲ್ಲ?'
ಅವಳು ಜಿಪ್ಪು ಸರಿಸಿ, ಉಣ್ಣೆಯಂಗಿ ಬಿಡಿಸಿ ತೋರಿಸಿದಳು:
ಕಲ್ಲೇ.
ಕೈಯಗಲದ ಒರಳು, ಗುಂಡು ಸಮೇತ.
ಮಸಾಲೆ ರುಬ್ಬುವ ಹಾಗೆ ಗಾಳಿಯಲ್ಲಿ ಕೈ ತಿರುಗಿಸಿ
ನಕ್ಕಳು.
ಮಿಕ್ಸರ್ ಬಂದ ದಿನ ನಾನು ಹಿತ್ತಲಿಗೆ ಉರುಳಿಸಿದ್ದೂ
ಇಂಥದನ್ನೇ.

ಸಿಂಬೆ ಇಟ್ಟೆ ತಲೆಗೆ.
ಆ ಬದಿ ಅವಳು, ಈ ಬದಿ ನಾನು,
ಅವಳು ಅವಳ ಭಾಷೆಯಲ್ಲಿ ಎಣಿಸಿದಳು, ನಾನು ನನ್ನದರಲ್ಲಿ.
ಮೂರಕ್ಕೆ ಇಬ್ಬರೂ ಒಟ್ಟಿಗೇ ಬಂದೆವು.

ಮೆಟ್ಟಿಲು ಹತ್ತುವಾಗ ಹೊಳೆದದ್ದು ಇಷ್ಟು:
ನನ್ನ ಬುಟ್ಟಿ ಬೆಳಿಗ್ಗೆ ಭಾರ,
ಮನೆಮನೆಯ ಬಾಗಿಲಿಗೆ ಹಗುರಾಗುತ್ತ
ಮಧ್ಯಾಹ್ನಕ್ಕೆ ಬರೀ ಬಿದಿರು.
ಇವಳದು ಊರಿಂದ ಊರಿಗೆ ಭಾರವಾಗುತ್ತ ಹೋಗುತ್ತದೆ.
ಯಾರ ಬಾಗಿಲಲ್ಲೂ ಇವಳು ತೂಗಿ ಕೊಡುವುದಿಲ್ಲ,
ಚೌಕಾಸಿ ಇಲ್ಲ, ಬೈಗುಳವಿಲ್ಲ,
ಬರೇ ತುಂಬಿಕೊಳ್ಳುವುದು.
ಪಾಪ ಅನಿಸಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು,
ಸುಳ್ಳು ಯಾಕೆ ಹೇಳಲಿ.

ನಮ್ಮ ಅವ್ವೆಯ ಕಾಲಕ್ಕೆ ದಾರಿಯಲ್ಲಿ ಹೊರೆಗಲ್ಲು ಇತ್ತು.
ಎದೆಯೆತ್ತರದ ಕಲ್ಲು. ಒಂಟಿ ಹೆಂಗಸು ಬಂದು
ತಲೆ ಬಾಗಿಸಿ ಹೊರೆ ದಾಟಿಸಿ ಉಸ್ಸೆನ್ನಬಹುದಿತ್ತು.
ಹೈವೇ ಅಗಲ ಮಾಡುವಾಗ ಜೆಸಿಬಿ ಬಂತು,
ಮಣ್ಣಡಿ ಹೋಯಿತು.
ಈಗ ಎತ್ತಿಕೊಡಲಿಕ್ಕೆ ಒಬ್ಬರು ಬೇಕು.
ಇಳಿಸಲಿಕ್ಕೂ.

ಗಾಡಿ ಬಂತು. ಅವಳ ಡಬ್ಬಿ ತೀರ ಆ ತುದಿಗೆ.
ಓಡಿದೆವು. ಅವಳ ಚಪ್ಪಲಿ ಒಂದು ಕಳಚಿ
ಮತ್ತೆ ಸಿಕ್ಕಿ
ನನ್ನ ಸೆರಗು ಜಾರಿ
ಯಾರೋ ಟೀಸಿ 'ಏಯ್ ಮೀನು!' ಅಂದು
'ಮೀನಲ್ಲವೋ, ಕಲ್ಲು!' ಅಂದೆ ನಾನು, ಓಡುತ್ತಲೇ.
ಬಾಗಿಲಲ್ಲಿ ಅವಳು ಎಳೆದಳು, ನಾನು ದೂಡಿದೆ.
ಅವಳು ಸೊಂಟದ ಚೀಲದಲ್ಲಿ ನೋಟು ಹುಡುಕುತ್ತಿದ್ದಳು,
ಗಾಡಿ ಕಾಯಲಿಲ್ಲ.

ಆಮೇಲೆ ತಲೆ ಮುಟ್ಟಿ ನೋಡಿಕೊಂಡೆ.
ಸಿಂಬೆ ಇಲ್ಲ.
ಪೆಟ್ಟಿಗೆಯ ಅಡಿಗೆ ಅಂಟಿಕೊಂಡೇ ಹೋಗಿರಬೇಕು,
ಬಂಗಡೆಯ ಅಂಟು ಸುಲಭಕ್ಕೆ ಬಿಡುವುದಿಲ್ಲ.
ಮದುವೆಯ ಸೀರೆ ಹರಿದು ಸುತ್ತಿದ ಸಿಂಬೆ ಅದು.

ಮುಂಬೈಯಲ್ಲಿ ಇಳಿಯುತ್ತಾಳೆ, ಅಲ್ಲಿಂದ ವಿಮಾನ,
ಅಲ್ಲಿಂದ ಮತ್ತೊಂದು ಗಾಡಿ ಇರಬಹುದು.
ಒಂದೊಂದು ಕಡೆಯೂ ಮೆಟ್ಟಿಲು.
ಮೂರು ಎಣಿಸಲಿಕ್ಕೆ ಯಾರು ಸಿಗುತ್ತಾರೋ.

ಲೋಕಲ್ ಗಾಡಿ ಮುಕ್ಕಾಲು ಗಂಟೆ ತಡ.
ಹಾರವಾಡದಲ್ಲಿ ಇಳಿದು, ಕತ್ತಲೆಯಲ್ಲಿ, ಬರಿದಲೆಯ ಮೇಲೆ
ಬುಟ್ಟಿ ಇಟ್ಟು ನಡೆದೆ.
ಖಾಲಿ ಬುಟ್ಟಿ.
ಒತ್ತುತ್ತಿತ್ತು.