ಎಂಟು ತೂತಿನ ಗಾಲಿ

ಸಂಜೆ ಐದಕ್ಕೆ ಬಂದ ಗೇಲಾ, ಬಾಗಿಲಲ್ಲೇ ನಿಂತು ಕೂಗಿದ:
"ನಾಜಿಬ್ರೋಲಾ ಅತ್ತೆ, ಗಾಲಿ ನಡುಗುತ್ತಿದೆ,
ಎಂಬತ್ತು ದಾಟಿದರೆ ಸಾಕು, ಸ್ಟಿಯರಿಂಗು ಹಲ್ಲು ಕಡಿಯುತ್ತದೆ.
ನಾಳೆ ಗೆಳೆಯನ ಮದುವೆ,
ದಿಬ್ಬಣದಲ್ಲಿ ಮುಂದಿನ ಕಾರು ನನ್ನದೇ."

ಹೊರಗೆ ಅವನ ತಾತನ ಕಾಲದ ಬಿಳಿ ಝಿಗುಲಿ,
ಕಾಲಿಗೆ ಜರ್ಮನಿಯ ಓಪೆಲ್ ಗಾಲಿ.
ಮುದುಕನಿಗೆ ಮೊಮ್ಮಗನ ಬೂಟು ತೊಡಿಸಿದ ಹಾಗೆ.
ರುಸ್ತಾವಿಯ ಗುಜರಿಯಲ್ಲಿ ಸಿಕ್ಕಿತಂತೆ,
ಚೌಕಾಸಿ ಮಾಡಿ, ಒಂದು ಹಂದಿಮರಿ ಕೊಟ್ಟು.

ಜಾಕು ಹಾಕಿ ಬಿಚ್ಚಿದೆ.
ನಡುವಿನ ತೂತನ್ನು ಯಾರೋ ಅರದಲ್ಲಿ ಉಜ್ಜಿದ್ದಾರೆ,
ನಾಯಿ ಕಚ್ಚಿಬಿಟ್ಟ ರೊಟ್ಟಿಯಂಚು.
ಬೋಲ್ಟು ನಾಲ್ಕೂ ಒಂದೇ ಕಡೆಗೆ ಸವೆದು
ಕತ್ತು ವಾಲಿಸಿವೆ.

"ನಾಲ್ಕು ತೂತು, ನಾಲ್ಕು ಬೋಲ್ಟು. ಕೂತಿತಲ್ಲ, ಅತ್ತೆ!
ಬಿಗಿಯಿತು ಕೂಡ. ಲೆಕ್ಕ ಸರಿಯಿದೆಯಲ್ಲ?"
ಲೆಕ್ಕ ಸರಿ ಮಗಾ. ಅಳತೆ?
ಝಿಗುಲಿಯ ಬೋಲ್ಟು ನಿಲ್ಲುವ ವೃತ್ತ ತೊಂಬತ್ತೆಂಟು ಮಿಲಿಮೀಟರು.
ಇದರದ್ದು ನೂರು.
ಎರಡೇ ಎರಡು. ಒಂದು ಎಳ್ಳುಕಾಳು.
ಐದು ತೂತಿನದ್ದಾಗಿದ್ದರೆ ಅವತ್ತೇ ವಾಪಸು ಕೊಟ್ಟು
ಹಂದಿಮರಿ ಬಿಡಿಸಿಕೊಂಡು ಬರುತ್ತಿದ್ದೆ ನೀನು.
ಕೂಡದ್ದು ಮುಖದ ಮೇಲೇ ಹೇಳಿಬಿಡುತ್ತದೆ.
ಇದು ಹಾಗಲ್ಲ, ಹ್ಞೂಂ ಹ್ಞೂಂ ಅನ್ನುತ್ತಲೇ
ಒಳಗೊಳಗೆ ಬೋಲ್ಟಿನ ಕತ್ತು ತಿರುಚುತ್ತದೆ.

ಅವನಿಗೆ ಹೇಳದೆ ಬಿಟ್ಟದ್ದು:
ನಾನೂ ಹನ್ನೊಂದು ವರ್ಷ ಓಡಿಸಿದೆ ಒಂದು ಸಂಸಾರ,
ಎಂಬತ್ತು ದಾಟದ ಹಾಗೆ.

ಈ ಲೇತು ಆ ಹನ್ನೊಂದರಲ್ಲಿ ಕೊನೆಯ ವರ್ಷದ್ದು.
ಕುತೈಸಿಯ ಕಾರ್ಖಾನೆ ಬಾಗಿಲು ಹಾಕಿದಾಗ
ಬಾಕಿ ಸಂಬಳಕ್ಕೆ ಬದಲು ಎತ್ತಿಕೊಂಡು ಹೋಗು ಎಂದರು;
ಎತ್ತಿನ ಬಂಡಿಯಲ್ಲಿ ತಂದೆ. ಗಂಡ ಕೇಳಿದ,
ಇದನ್ನು ಬೇಯಿಸಿ ತಿನ್ನುತ್ತೀಯಾ?
ತಿಂದೆ. ಇವತ್ತಿಗೂ ತಿನ್ನುತ್ತಿದ್ದೇನೆ.

ಗಾಲಿಯನ್ನು ಚಕ್ಕಿಗೆ ಕಚ್ಚಿಸಿ
ಡಯಲಿನ ಮುಳ್ಳು ಅಲುಗದ ತನಕ ಸುತ್ತಿಗೆಯಲ್ಲಿ ತಟ್ಟಿದೆ,
ಮಗುವಿನ ಬೆನ್ನು ತಟ್ಟಿದಷ್ಟೇ ಮೆಲ್ಲಗೆ.
ನಾಯಿ ಕಚ್ಚಿದ ಅಂಚು ಹೋಗುವವರೆಗೆ, ಅರವತ್ತಕ್ಕೆ ಕೊರೆದೆ.
ಅಲ್ಯೂಮಿನಿಯಂ ಸುರುಳಿ ಸುರುಳಿಯಾಗಿ ಇಳಿಯಿತು,
ಸೀಮೆಎಣ್ಣೆಯ ವಾಸನೆ.
ಹೆಚ್ಚಾದ ಸಂದಿಗೆ ಒಂದು ಉಂಗುರ ತಿರುಗಿಸಿ ಕೂರಿಸಿದೆ.
"ನಾಳೆ ಪಾದ್ರಿಗಿಂತ ಮುಂಚೆ ನಾನೇ ತೊಡಿಸಿದೆ ನೋಡು" ಅಂದೆ.
ಗೇಲಾ ನಗಲಿಲ್ಲ, ಗಡಿಯಾರ ನೋಡುತ್ತಿದ್ದ.

ಹಳೆಯ ತೂತನ್ನೇ ಹಿಗ್ಗಿಸಿ ಸುಧಾರಿಸಬಹುದು,
ಬೆಟ್ಟದ ಕೆಳಗಿನ ಒತಾರ್ ಹಾಗೇ ಮಾಡುತ್ತಾನೆ, ಅರ್ಧ ರೇಟು.
ನಾನು ಮಾಡುವುದಿಲ್ಲ.
ಎರಡು ತೂತಿನ ನಟ್ಟನಡುವೆ, ತುಂಬಿದ ಲೋಹ ಇರುವಲ್ಲಿ,
ತೊಂಬತ್ತೆಂಟರ ವೃತ್ತ ಗೀಚಿ
ಹೊಸದಾಗಿ ನಾಲ್ಕು ಕೊರೆದೆ. ಬೋಲ್ಟಿನ ತಲೆ ಕೂರಲು
ಬಾಯಿ ಅಗಲಿಸಿದೆ. ಹಾಗೇ ಇನ್ನೂ ಮೂರು ಗಾಲಿ.
ರಾತ್ರಿ ಎರಡಾಯಿತು.
ಗೇಲಾ ಟೈರಿನ ಮೇಲೆ ಕೂತು ನಿದ್ದೆಹೋಗಿದ್ದ,
ಅವನ ಕೂದಲಿಗೆಲ್ಲ ಬೆಳ್ಳಿ ಚೂರು.
ಮದುವೆ ಅವನದೇ ಅನ್ನಬೇಕು.

ಎದ್ದವನು ಬೆರಳಿಟ್ಟು ಎಣಿಸಿದ. "ಎಂಟಿವೆಯಲ್ಲ ಅತ್ತೆ!
ಹಳೆಯ ನಾಲ್ಕನ್ನು ಏನು ಮಾಡಲಿ?"
ಏನೂ ಬೇಡ. ಇರಲಿ ಬಿಡು.
ತೊಳೆದಾಗ ನೀರು ಸೋರಿಹೋಗಲು ಒಳ್ಳೆಯದು.
ಕತ್ತು ವಾಲಿದ ಬೋಲ್ಟುಗಳನ್ನು ಮಾತ್ರ ಕೊಡಲಿಲ್ಲ,
ಡಬ್ಬಿಗೆ ಹಾಕಿದೆ.
ಅವನು ಮತ್ತೆ ಬಳಸಿಯಾನು ಎಂಬ ಭಯ.

ಮರುದಿನ ಹಿಟ್ಟು ನಾದುತ್ತಿದ್ದೆ.
ದೂರದಿಂದಲೇ ಹಾರ್ನುಗಳ ಗದ್ದಲ; ಅಂಗೈಗಂಟಿದ ಹಿಟ್ಟಿನಲ್ಲೇ
ಗೇಟಿನ ತನಕ ಓಡಿದೆ.
ಬಿಳಿ ಝಿಗುಲಿ ಮುಂದೆ, ಕಿಟಕಿಯಲ್ಲಿ ಅರ್ಧ ಹೊರಬಿದ್ದ ಹುಡುಗರು,
ವೇಗ ನೂರಾದರೂ ಇದ್ದೀತು, ಪೋಲಿಗಳು.
ಕಿವಿಗೊಟ್ಟೆ. ಹಾರ್ನಿನ ಅಡಿಯಲ್ಲಿ
ಬೇರೆ ಯಾವ ಸದ್ದೂ ಇರಲಿಲ್ಲ.
ಗಾಲಿ ಹೊಳೆಯುತ್ತ ಹೋಯಿತು.
ಆ ಎಂಟರಲ್ಲಿ ಯಾವುದು ಕುರುಡು, ಯಾವುದು ಬಿಗಿ,
ಕೊರೆದ ನನಗೂ ಕಾಣಲಿಲ್ಲ.