ಇಪ್ಪತ್ತು ಸೆಂಟಿಮೀಟರು

ಏಳು ವರ್ಷದ ಹಿಂದೆ ತುಜ್ಲಾದ ಡಾಕ್ಟರು
"ಏನೂ ಕಾಣುತ್ತಿಲ್ಲ, ಮೆವ್ಲಿದಾ" ಅಂದಾಗ
ಗಂಡ ಬಿಕ್ಕಿ ಬಿಕ್ಕಿ ಅತ್ತ.
ನಾನು ಅಳಲಿಲ್ಲ. ಆ ಮಾತಿನ ತೂಕ ಗೊತ್ತಿತ್ತು,
ನಾನೇ ಎಷ್ಟು ಜನಕ್ಕೆ ಬರೆದುಕೊಟ್ಟಿದ್ದೆ ಅಂಥ ಕಾಗದ.

ಹದಿನಾರು ವರ್ಷ ಮಂಡಿಯೂರಿ
ಬೋಸ್ನಾ ನದಿಯ ದಂಡೆಯ ಹೊಲಗಳಲ್ಲಿ
ಯುದ್ಧ ಹೂತಿಟ್ಟು ಮರೆತ ನೆಲಬಾಂಬುಗಳನ್ನು
ಕಡ್ಡಿಯ ತುದಿಯಿಂದ ಮಾತಾಡಿಸಿದವಳು:
ಓರೆಯಾಗಿ ಚುಚ್ಚು, ಕಿವಿಗೊಡು, ಎರಡು ಬೆರಳು ಸರಿ,
ಮತ್ತೆ ಚುಚ್ಚು.
ಕೊನೆಗೆ ಸಹಿ: ಇಪ್ಪತ್ತು ಸೆಂಟಿಮೀಟರು ಆಳದ ತನಕ
ಏನೂ ಸಿಗಲಿಲ್ಲ.
'ಇಲ್ಲ' ಅಂತ ಬರೆಯುವಂತಿಲ್ಲ.
ಸಿಗಲಿಲ್ಲ, ಅಷ್ಟೆ.

ಮುದುಕ ವಿಟೊಮಿರ್ ಆ ಕಾಗದಕ್ಕೆ ಕಟ್ಟು ಹಾಕಿಸಿ
ಸಾಲಾಗಿ ಪ್ಲಮ್ ಗಿಡ ನೆಟ್ಟ.
ಒಂದು ಮೇ ತಿಂಗಳು ನೆರೆ ಬಂತು.
ಗುಡ್ಡ ಜಾರಿತು. ಬೇಲಿ, ಕುರಿ,
ಎಚ್ಚರಿಕೆಯ ಕೆಂಪು ಹಲಗೆ ಕೂಡ ತೇಲಿಹೋಯಿತು.
ನೀರಿಳಿದ ಮೇಲೆ ಮೂರನೆಯ ಸಾಲಿನ ಬುಡದಲ್ಲಿ
ಅಂಗೈಯಷ್ಟು ಹಸಿರು ಡಬ್ಬಿ,
ಮೇಲಿನ ಯಾರದೋ ಹೊಲದ್ದು.
"ಶುದ್ಧ ಅಂದಿದ್ದೆಯಲ್ಲೇ!"
ಅಂದಿರಲಿಲ್ಲ, ಅನ್ನಬಹುದಿತ್ತು.
ಮುಖದ ಗಾಜು ಇಳಿಸಿಕೊಂಡು ಮಂಡಿಯೂರಿದೆ.

ಈಗ ಸೊಂಟದ ಮೂಳೆಯಲ್ಲಿ.
ಇದು ಹೊಸದಲ್ಲ ಅನ್ನುತ್ತಾರೆ ಡಾಕ್ಟರು.
ಮೊಲೆ ಕೊಯ್ಯುವ ಮೊದಲೇ
ಒಂದೆರಡು ಕಣ ರಕ್ತದಲ್ಲಿ ತೇಲಿಹೋಗಿ
ಮೂಳೆಯ ಸಂದಿಯಲ್ಲಿ ಮಲಗಿದ್ದಿರಬೇಕು,
ಬೆಳೆಯದೆ, ಸಾಯದೆ.
ಔಷಧಿ ಓಡಾಡುವವರ ಬೆನ್ನು ಹತ್ತುತ್ತದೆ,
ಮಲಗಿದವರನ್ನು ದಾಟಿ ಹೋಗುತ್ತದೆ.
ಈಗ ಯಾಕೆ ಎದ್ದವು?
ಅವರು ಕನ್ನಡಕ ತೆಗೆದು ಒರೆಸಿದರು.

ನಾದಿನಿಗೆ ಕಾರಣ ಬೇಕು:
ಮಾತ್ರೆ ತಪ್ಪಿಸಿದೆಯಾ? ಸಿಹಿ ತಿಂದೆಯಾ?
ಏನನ್ನಾದರೂ ಮನಸ್ಸಿಗೆ ಹಚ್ಚಿಕೊಂಡೆಯಾ?
ಅವಳೆದುರೇ ಕಾಫಿಯಲ್ಲಿ
ಇನ್ನೊಂದು ಸಕ್ಕರೆ ತುಂಡು ಅದ್ದಿ ಕಚ್ಚುತ್ತೇನೆ.
ನೆರೆಯ ಮಾತು ನನ್ನ ಕಾಗದದಲ್ಲಿರಲಿಲ್ಲ, ತಾಯಿ.

ಇನ್ನು ಪೂರ್ತಿ ಹೋಗುವುದಿಲ್ಲವಂತೆ.
ಹತೋಟಿಯಲ್ಲಿ ಇಡಬಹುದಂತೆ, ಕೆಲವರಿಗೆ ವರ್ಷಗಟ್ಟಲೆ.
ಸರಿ, ಗೂಟ ನೆಡಿ, ಪಟ್ಟಿ ಕಟ್ಟಿ,
ಎಲ್ಲಿಂದ ಶುರು ಅಂತ ಹೇಳಿ.
ಮಂಡಿಯೂರುವುದು ಈಗ ಕಷ್ಟ. ಮಲಗಿಯೇ ಮಾಡೋಣ.

ನಿನ್ನೆ ವಿಟೊಮಿರನ ಮಗಳು ಬುಟ್ಟಿ ತಂದಿಟ್ಟಳು.
ಮೂರನೆಯ ಸಾಲಿನದ್ದು, ಅಂದಳು.
ಅಪ್ಪ ಅಲ್ಲಿ ಇವತ್ತಿಗೂ ನೋಡಿ ನೋಡಿ ಕಾಲಿಡುತ್ತಾನೆ.
ಹಣ್ಣು ಇನ್ನೂ ಹುಳಿ.
ಆರು ತಿಂದೆ.