ಒಂಬತ್ತು ಸೆಕೆಂಡು ಹಿಂದೆ

ಕೆಳಗೆ ಮುಬೀನನ ಅಂಗಡಿಯಲ್ಲಿ ದೊಡ್ಡ ಪರದೆ,
ತಲೆಗೆ ಇಪ್ಪತ್ತು ರೂಪಾಯಿ ಪಟ್ಟಿ, ಹನ್ನೊಂದು ಕುರ್ಚಿ,
ಹತ್ತೊಂಬತ್ತು ಹುಡುಗರು.
ಮೇಲೆ ನಾನು, ಮೆಟ್ಟಿಲಿಗೆ ಒರಗಿ,
ಮೂಲೆಯೊಡೆದ ಫೋನು ಮೊಣಕಾಲ ಮೇಲೆ.
ಹನ್ನೆರಡೂವರೆ. ಚೌಬಾರದ ಕಡೆ ಒಂದು ಆಟೋ
ಕೆಮ್ಮಿ ಕೆಮ್ಮಿ ಸುಮ್ಮನಾಯಿತು.

ಬರಲಿರುವ ಆಟಗಳನ್ನು ತೋರಿಸುವ ರಾತ್ರಿ ಇದು.
ನನ್ನ ನೆಟ್ಟು ಅವರದಕ್ಕಿಂತ ಒಂಬತ್ತು ಸೆಕೆಂಡು ಹಿಂದೆ.
ಹಾಗಾಗಿ ಮೊದಲು ಕೂಗು ಬರುತ್ತದೆ,
ಆಮೇಲೆ ಕೂಗಿನ ಕಾರಣ.

"ಲೇ ಲೇ ಲೇ, ಬಂತಲೇ!"
ಯಾವುದೋ ಕುರ್ಚಿ ಮಗುಚಿತು. ನಾನು ಎಣಿಸುತ್ತೇನೆ,
ಏಳು, ಎಂಟು,
ಫೋನಿನಲ್ಲಿ ಒಂದು ಕುದುರೆ.
ಬರೀ ಕುದುರೆ. ಮಳೆಯಲ್ಲಿ ನಿಂತಿದೆ,
ಕುತ್ತಿಗೆಯ ಕೂದಲು ಎಳೆ ಎಳೆಯಾಗಿ ತೋಯುತ್ತಿದೆ.
"ಸಂಗಶೆಟ್ಟಿ ಅಳ್ಲತ್ತಾನ ನೋಡ್ರೋ"
ಇದು ಸ್ಯಾಮ್ಸನ್ನನ ದನಿ; ಅವನ ಮೂಗೂ ಕಟ್ಟಿದೆ.

ಅರ್ಧ ಗಂಟೆಯಲ್ಲಿ ಈ ಭಾಷೆ ಕಲಿತೆ.
ಎಲ್ಲರೂ ಕೂಡಿ "ಥೂ" ಎಂದರೆ ಮತ್ತದೇ ಬಂದೂಕಿನವನು.
ಹರ್ಜೋತನ ಸೀಟಿ ಎಂದರೆ ಕಾರು.
ಉದ್ದಾನ "ಹಾ..." ಎಂದರೆ ಬೆಲೆ ಹೇಳಿದರು.

ಅಪ್ಪನಿಗೆ ಎಚ್ಚರವಾಗಿದೆ.
"ಯಾರ ಮನ್ಯಾಗ ಏನಾಯ್ತು?"
"ಆಟ ತೋರಸ್ಲತ್ತಾರಪ್ಪ."
"ಆಡ್ಲತ್ತಾರ?"
"ಇಲ್ಲ. ಮುಂದಿನ ವರ್ಷ ಬರೋವು, ಅದರಾಚೆ ಬರೋವು."
"ಮತ್ತ ಈಗ್ಯಾಕ ಒದರ್ಲತ್ತಾರ?"
ನನ್ನಲ್ಲಿ ಉತ್ತರವಿರಲಿಲ್ಲ. ಪಕ್ಕದಲ್ಲೇ ಕೂತ.
ಬೆರಳ ಸಂದಿಯಲ್ಲಿ ಹಗಲಿನ ಮೈಲುತುತ್ತು ಇನ್ನೂ ಇತ್ತು.
ಹೊಳೆಯುವ ಪಟ್ಟಣವೊಂದು ಬಂದು ಹೋಯಿತು. ಅಪ್ಪ ಅಂದ,
"ಇದು ಕಚ್ಚಾ ಕರಿ."

ಉಜ್ಜಿದ ಹೂಜಿಗೆ ಮೊದಲು ಬಳಿಯುತ್ತೇವಲ್ಲ, ಆ ಕರಿ.
ಉಳಿಯ ಗೀಟು ಬೆಳ್ಳಗೆ ಕಾಣಲಿ ಅಂತ, ಅಷ್ಟೇ;
ಒರೆಸಿದರೆ ಹೋಗುತ್ತದೆ.
ಉಳಿಯುವ ಕರಿ ಕಟ್ಟಕಡೆಗೆ ಬರುವುದು, ಕೋಟೆಯ ಹಳೇ ಮಣ್ಣಿನಿಂದ.
ಅಪ್ಪ ಅದನ್ನು ನಾಲಗೆಯ ತುದಿಗಿಟ್ಟು ನೋಡುತ್ತಾನೆ.
ನೂರು ಚಿಟಿಕೆ ಉಗಿದು ಒಂದು ಚೀಲ ತರುತ್ತಾನೆ.

"ಕಚ್ಚಾ ಇದ್ರೂ ಗೀಟು ಛಲೋ ಅವ" ಎಂದು
ಒಳಗೆ ಹೋಗಿ ಮಲಗಿದ.

ನಾನು ಕಾಯುತ್ತಿದ್ದದ್ದು ಬೇರೆ.
ಬಾವಿಯ ಆಟ. ಯಾರಿಗೂ ಗೊತ್ತಿಲ್ಲ.
ಒಬ್ಬ ಮುದುಕಿ, ಕೈಯಲ್ಲಿ ಕಂದೀಲು, ಇಳಿಯುವ ಮೆಟ್ಟಿಲು.
ನಲವತ್ತನೇ ಮೆಟ್ಟಿಲಲ್ಲಿ ಕಂದೀಲು ಆರುತ್ತದೆ,
ಅಲ್ಲಿಗೆ ಮೊದಲ ಭಾಗ ಮುಗಿಯಿತು.
ಆರು ವರ್ಷ. ನಾನು ಹತ್ತನೆಯ ಕ್ಲಾಸಿನಲ್ಲಿದ್ದೆ.
ನೌಬಾದಿನ ಕರೇಜಿನ ಬಾಯಿಗೆ ಬಗ್ಗಿದಾಗೆಲ್ಲ
ತಣ್ಣನೆ ಗಾಳಿ ಮುಖಕ್ಕೆ ಬಂದು
ಅವಳು ಇನ್ನೂ ಅಲ್ಲೇ ನಿಂತಿದ್ದಾಳೆ ಅನ್ನಿಸುತ್ತಿತ್ತು.

ಕೆಳಗೆ ಗದ್ದಲ ನಿಂತಿದೆ.
"ಚಾ ತರಸ್ರೋ" ಅಂದರು ಯಾರೋ. ಯಾರೋ ಆಕಳಿಸಿದರು.
ಸರಿ, ಇನ್ನೇನಿಲ್ಲ ಅಂದುಕೊಂಡೆ.
ಎಣಿಸಲೂ ಇಲ್ಲ.

ಕತ್ತಲು.
ಕಡ್ಡಿ ಗೀಚಿದ ಸದ್ದು.
ನಲವತ್ತೊಂದನೇ ಮೆಟ್ಟಿಲ ಮೇಲೆ ಅವಳ ಬರಿಗಾಲು.

ಎಷ್ಟು ಜೋರಾಗಿ ಚೀರಿದೆನೋ ತಿಳಿಯದು.
ಕೆಳಗಿನಿಂದ ಮುಬೀನನ ಫೋನು:
"ಏನಾಯ್ತಕ್ಕಾ? ಹಾವೇನು?"
"ಹಾವಲ್ಲೋ, ಕಂದೀಲು" ಅಂದೆ. ನನ್ನ ದನಿ ನನ್ನದಾಗಿರಲಿಲ್ಲ.
"ಯಾವ ಕಂದೀಲು?"
"ಹಿಂದಕ್ಕ ಹೊಳ್ಳಸಿ ನೋಡು. ಮೂರೇ ಸೆಕೆಂಡು."

ಅವರು ಹಿಂದಕ್ಕೆ ಹೋದರು.
ನೆಲದಡಿಯಿಂದ ಅದೇ ಕಡ್ಡಿ ಗೀಚಿದ ಸದ್ದು,
ದೊಡ್ಡ ಸ್ಪೀಕರಿನಲ್ಲಿ,
ಈ ಸಲ ನನ್ನ ನಂತರ.
ಹತ್ತೊಂಬತ್ತು ಜನ ಮಿಸುಕಲಿಲ್ಲ.
ಆಮೇಲೆ ಸಂಗಶೆಟ್ಟಿ, ಮೂಗೊರೆಸುತ್ತ ಇರಬೇಕು,
"ಯಾವಾಗಂತ?" ಅಂದ.

ತಾರೀಖು ಹೇಳಿರಲಿಲ್ಲ.